ಶನಿವಾರದ ಮ್ಯಾಚಿಗೆ ಕೋಳಿ ಪಂಚಾಂಗ

ಶುಕ್ರವಾರ ಸಂಜೆ ತಮ್ಮ ಗ್ಯಾರೇಜಿಗೆ ಬಂದವರನ್ನು ಅಣ್ಣ ‘ಬನ್ನಿ, ಕೂತುಕೊಳ್ಳಿ’ ಎಂದು ಉಪಚರಿಸಿದ್ದು ನನಗೆ ನೆನಪಿಲ್ಲ. ಮೊದಲ ಪ್ರಶ್ನೆ ಯಾವಾಗಲೂ ಒಂದೇ.

“ನಾಳೆ ಅವರದ್ದು ಯಾವ ಬಣ್ಣ?”

‘ಅವರು’ ಎಂದರೆ ಮರುದಿನದ ಎದುರಾಳಿ ತಂಡ. ಅಣ್ಣನ ಮಗ ನಿಖಿಲ್ ಇಲ್ಲಿ ಕೆನಡಾದ ಒಂದು ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿದ್ದ. ಊರಿನಲ್ಲಿ ನಾವು ಕಾಲಿನಿಂದ ಒದೆಯುತ್ತಿದ್ದ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ಟು ಹಾಕಿಕೊಂಡು, ಹೆಗಲಿಗೆ ದಿಂಬಿನಂಥ ಕವಚ ಕಟ್ಟಿಕೊಂಡು, ಎರಡೂ ತುದಿ ಚೂಪಾದ ಚೆಂಡನ್ನು ಎದೆಗವಚಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ. ಸೆಪ್ಟೆಂಬರಿನಿಂದ ಚಳಿ ಬಲಿಯುವ ತನಕ ಪ್ರತಿ ಶನಿವಾರ ಮ್ಯಾಚು. ಹಿಂದಿನ ಸಂಜೆ ಆರು ಗಂಟೆಗೆ ಟೊರಾಂಟೊ ಪಕ್ಕದ ಎರಿನ್ ಮಿಲ್ಸ್‌ನ ಅಣ್ಣನ ಗ್ಯಾರೇಜಿನಲ್ಲಿ ಎದುರಾಳಿಯ ವಿಚಾರವಾಗಿ ಸಭೆ.

ಸಭೆ ಎಂದರೆ ನಾಲ್ಕು ಜನ. ನಾನು ಅಣ್ಣ ಎಂದು ಕರೆಯುತ್ತಿದ್ದ ಮನೆಯ ಯಜಮಾನರು. ಅವರ ಹೆಂಡತಿ, ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದವರು. ‘ನಾನು ಮೆಂಬರ್ ಅಲ್ಲ, ಬರೀ ಗೋಳಿಬಜೆ’ ಎನ್ನುತ್ತ ಬಟ್ಟಲು ಹಿಡಿದು ಬಂದು ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದರು. ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದ ಧಾರವಾಡದ ಹುಡುಗಿ ಅಶ್ವಿನಿ. ಕಾಲೇಜಿನಲ್ಲಿ ಡೇಟಾ ಅನಲಿಟಿಕ್ಸ್ ಓದುತ್ತಿದ್ದಳು. ನಾಲ್ಕನೆಯವನು ನಾನು. ಅಶ್ವಿನಿಗಿಂತ ಮುಂಚೆ ಅದೇ ಬೇಸ್‌ಮೆಂಟಿನಲ್ಲಿದ್ದವನು. ನ್ಯೂಮಾರ್ಕೆಟ್ಟಿನಲ್ಲಿ ಸರ್ಕಾರಿ ಕೆಲಸ ಸಿಕ್ಕಿ ಅಲ್ಲಿಗೆ ಹೋದ ಮೇಲೂ ಶುಕ್ರವಾರದ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕಾರು ಓಡಿಸಿಕೊಂಡು ಬರುತ್ತಿದ್ದೆ. ಆಟಕ್ಕಾಗಿ ಬರುತ್ತಿದ್ದೆನೋ ಗೋಳಿಬಜೆಗಾಗಿಯೋ ಎಂದು ಒಮ್ಮೆ ಡೈರಿಯಲ್ಲಿ ನನ್ನನ್ನೇ ಕೇಳಿಕೊಂಡಿದ್ದೇನೆ. ಉತ್ತರ ಬರೆದಿಲ್ಲ.

ಮೈಸೂರಿನಲ್ಲಿ ಎರಡು ವರ್ಷ ಇತಿಹಾಸ ಪಾಠ ಮಾಡಿದ್ದೆ ಎಂಬ ಒಂದೇ ಕಾರಣಕ್ಕೆ ಅಣ್ಣ ನನ್ನನ್ನು ಮಾಸ್ಟ್ರೇ ಎನ್ನುತ್ತಿದ್ದರು. ಇತಿಹಾಸ ಓದಿದ್ದರಿಂದ ನನಗೆ ಬಂದ ರೋಗವೆಂದರೆ ನನ್ನ ನೆನಪನ್ನೇ ನಂಬದಿರುವುದು. ಉದಾಹರಣೆಗೆ, ಕಣ್ಣು ಮುಚ್ಚಿದರೆ ಅವರು ಗ್ಯಾರೇಜಿನ ಮಡಚುವ ಕುರ್ಚಿಯಲ್ಲಿ ನೀಲಿ ಚೌಕುಳಿ ಲುಂಗಿ ಉಟ್ಟು ಕೂತಿರುವುದು ಕಾಣುತ್ತದೆ. ಇದನ್ನು ಮೊನ್ನೆ ಅಕ್ಕನಿಗೆ ಹೇಳಿದರೆ ಅವರು ನಕ್ಕುಬಿಟ್ಟರು.

“ಅಕ್ಟೋಬರಿನಲ್ಲಿ ಲುಂಗಿಯಾ? ಗ್ಯಾರೇಜಿನಲ್ಲಿ? ಒಳಗೆ ಥರ್ಮಲ್, ಹೊರಗೆ ಟ್ರ್ಯಾಕ್ ಪ್ಯಾಂಟು, ಮೇಲೆ ಶಾಲು. ನೀವು ಯಾರನ್ನು ನೋಡಿದ್ದು ಮಾರಾಯ್ರೆ?”

ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಡೈರಿಯಲ್ಲಿ ಇರುವುದು ಎಷ್ಟು, ನಾನು ಉಡಿಸಿದ ಲುಂಗಿ ಎಷ್ಟು ಎಂದು ನನಗೂ ಪೂರ್ತಿ ಗೊತ್ತಿಲ್ಲ. ಕಳೆದ ಚಳಿಗಾಲದ ಕೊನೆಗೆ ಅಣ್ಣ ತೀರಿಕೊಂಡರು. ಹೇಗೆ, ಎಷ್ಟು ವಯಸ್ಸು ಎಂಬುದನ್ನೆಲ್ಲ ಬರೆಯುವುದಿಲ್ಲ. ನಾನು ಬರೆಯಬೇಕೆಂದಿರುವುದು ಅವರ ಪುಸ್ತಕದ ವಿಚಾರ.

ಬಣ್ಣ ಏಕೆ ಕೇಳುತ್ತಿದ್ದರೆಂದರೆ, ಅವರ ಹತ್ತಿರ ಒಂದು ಕೋಳಿ ಪಂಚಾಂಗವಿತ್ತು. ತುಳುನಾಡಿನಲ್ಲಿ ಕೋಳಿ ಅಂಕಕ್ಕೆ ಹೋಗುವವರು ಹುಂಜವನ್ನು ಕಣಕ್ಕೆ ಬಿಡುವ ಮೊದಲು ಇಂಥದ್ದೊಂದು ಪುಸ್ತಕ ನೋಡುತ್ತಾರಂತೆ. ಯಾವ ವಾರ, ಯಾವ ಜಾವದಲ್ಲಿ ಯಾವ ಬಣ್ಣದ ಹುಂಜಕ್ಕೆ ಎಚ್ಚರ, ಯಾವುದಕ್ಕೆ ನಿದ್ರೆ ಎಂದು ಅದರಲ್ಲಿರುತ್ತದೆ. ಎಚ್ಚರದ ಬಣ್ಣ ಗೆಲ್ಲುತ್ತದೆ, ನಿದ್ರೆಯ ಬಣ್ಣ ಸೋಲುತ್ತದೆ. ನನಗೆ ಅರ್ಥವಾದದ್ದು ಇಷ್ಟು. ಬಿಳಿಯದು ಬೊಳ್ಳೆ, ಕಪ್ಪು ಕಕ್ಕೆ, ಕೆಂಪು ಛಾಯೆಯದು ಕೆಮ್ಮೈರೆ. ಅವರ ತಂದೆ ಊರಿನಲ್ಲಿ ಹತ್ತು ಮನೆಯವರಿಗೆ ಅದನ್ನು ಓದಿ ಹೇಳುತ್ತಿದ್ದವರು. ಇವರು ಕೋಳಿ ಕಟ್ಟಿದವರಲ್ಲ. “ರಕ್ತ ನೋಡಿದ್ರೆ ನನಗೆ ತಲೆ ತಿರುಗ್ತದೆ ಮಾಸ್ಟ್ರೇ. ಕೋಳಿ ಅಲ್ಲೇ ಬಿಟ್ಟೆ, ಪುಸ್ತಕ ತಂದೆ.” ಬೋಲ್ಟನ್ನಿನ ಗೋದಾಮಿನಲ್ಲಿ ಲಾರಿಗಳಿಗೆ ಸರಕು ತುಂಬಿಸುವ ಶಿಫ್ಟಿಗೆ ಅವರು ಸೂಪರ್‌ವೈಸರ್. ವಾರವಿಡೀ ಪಟ್ಟಿ ನೋಡಿ ಟಿಕ್ ಹಾಕುವ ಮನುಷ್ಯ ಶುಕ್ರವಾರ ಮಾತ್ರ ಕೋಳಿಯ ಮಾತು ಕೇಳುತ್ತಿದ್ದರು.

ಮಗ ತಂಡಕ್ಕೆ ಸೇರಿದ ವರ್ಷ ಆ ಪುಸ್ತಕ ಮತ್ತೆ ಪೆಟ್ಟಿಗೆಯಿಂದ ಹೊರಗೆ ಬಂತು. ಕೋಳಿಗೂ ಫುಟ್‌ಬಾಲಿಗೂ ಏನು ಸಂಬಂಧ ಎಂದು ನಾನು ಕೇಳಿದ್ದೆ.

“ಚೆಂಡಿನ ಆಕಾರ ನೋಡಿದ್ರಾ?” ಎಂದರು. “ಮೊಟ್ಟೆ. ಮತ್ತೆ ಕೋಳಿ ಪುಸ್ತಕ ಬಿಟ್ಟು ಬೇರೆ ಯಾವ ಪುಸ್ತಕ ನೋಡ್ಬೇಕು ಹೇಳಿ?”

ಶಾಸ್ತ್ರವನ್ನು ಈ ಆಟಕ್ಕೆ ಹೊಂದಿಸಲು ಮೊದಲ ವರ್ಷ ಬಹಳ ಚರ್ಚೆಯಾಯಿತು. ನಮ್ಮವರು ತಮ್ಮ ಮೈದಾನದಲ್ಲಿ ಆಡುವಾಗ ಕೆಂಪು ಜರ್ಸಿ, ಹೊರಗೆ ಹೋದರೆ ಬಿಳಿ. ಹೆಲ್ಮೆಟ್ಟು ಎರಡು ಕಡೆಯೂ ಕೆಂಪು. ಹಾಗಾದರೆ ಹೊರಗಿನ ಮ್ಯಾಚಿನಲ್ಲಿ ನಮ್ಮದು ಯಾವ ಜಾತಿ? “ಕೋಳಿಗೆ ಬಣ್ಣ ಹೇಳೂದು ಪುಕ್ಕ ನೋಡ್ಯೋ, ಜುಟ್ಟು ನೋಡ್ಯೋ ಅಂಕಲ್?” ಎಂದು ಅಶ್ವಿನಿ ಗಂಭೀರವಾಗಿ ಕೇಳಿದಳು. ಗಂಡ ಹೆಂಡತಿ ತಮ್ಮಲ್ಲೇ ತುಳುವಿನಲ್ಲಿ ಕಾಲು ಗಂಟೆ ಜಗಳವಾಡಿ, ತೀರ್ಪನ್ನು ಮಾತ್ರ ನಮಗೆ ಕನ್ನಡದಲ್ಲಿ ಕೊಟ್ಟರು. ಜುಟ್ಟು ಎಲ್ಲ ಹುಂಜಕ್ಕೂ ಕೆಂಪೇ, ಲೆಕ್ಕಕ್ಕಿಲ್ಲ. ಜರ್ಸಿಯೇ ಪುಕ್ಕ.

ಅದಕ್ಕಿಂತ ದೊಡ್ಡ ಜಗಳ ಗಂಟೆಯದ್ದು. ಮ್ಯಾಚು ಇಲ್ಲಿ ಮಧ್ಯಾಹ್ನ ಒಂದಕ್ಕೆ. ಆಗ ಉಡುಪಿಯಲ್ಲಿ ರಾತ್ರಿ ಹತ್ತೂವರೆ. ಪುಸ್ತಕ ಉಡುಪಿ ಕಡೆಯದ್ದಾದ್ದರಿಂದ ಅವರು ರಾತ್ರಿಯ ಜಾವವನ್ನೇ ನೋಡುತ್ತಿದ್ದರು. ನಾನು ಆಕ್ಷೇಪಿಸಿದೆ. ಸೂರ್ಯ ನೆತ್ತಿಯ ಮೇಲಿರುವಾಗ ರಾತ್ರಿಯ ಫಲ ನೋಡುವುದು ಯಾವ ನ್ಯಾಯ? ಆಟಗಾರರು ಇಲ್ಲಿ, ಬಿಸಿಲು ಇಲ್ಲಿ, ಹಾಗಾದರೆ ಗಂಟೆಯೂ ಇಲ್ಲಿಯದೇ ಆಗಬೇಕಲ್ಲವೇ? ಅಷ್ಟಕ್ಕೂ ರಾತ್ರಿ ಹತ್ತೂವರೆಗೆ ಯಾರು ಕೋಳಿ ಬಿಡುತ್ತಾರೆ?

“ಬಿಡುವುದಿಲ್ಲ. ಆದ್ರೂ ಪುಸ್ತಕದಲ್ಲಿ ರಾತ್ರಿಯ ಜಾವ ಯಾಕೆ ಉಂಟು? ಬರೆದವನಿಗೆ ಗೊತ್ತಿತ್ತು ಮಾರಾಯ್ರೆ, ಕೆನಡಾದಲ್ಲಿ ಒಂದು ದಿನ ಮ್ಯಾಚು ಆಗ್ತದೆ ಅಂತ.”

“ಅಣ್ಣ, ನಾವೆಲ್ಲ ಇಲ್ಲಿಗೆ ಬಂದು ಇಲ್ಲಿಯವರಾದ ಮೇಲೆ ಪುಸ್ತಕವೂ ಬಂದ ಹಾಗೆ ತಾನೆ?”

“ನಾವು ಬಂದದ್ದು ವೀಸಾದಲ್ಲಿ. ಪುಸ್ತಕಕ್ಕೆ ಎಲ್ಲಿ ಉಂಟು ವೀಸಾ? ಅದು ಇನ್ನೂ ಅಲ್ಲಿಯೇ ಇದೆ ಅಂತಲೇ ಲೆಕ್ಕ.”

ಈ ವಾದವನ್ನು ಮೂರು ವರ್ಷ ಎಡೆಬಿಡದೆ ಮಾಡಿದೆ, ಮೂರು ವರ್ಷವೂ ಸೋತೆ. ಡೈರಿಯಲ್ಲಿ ಇದು ಐದಾರು ಕಡೆ ಬರುತ್ತದೆ, ಪ್ರತಿ ಸಲವೂ ಕೊಂಚ ಸಿಟ್ಟಿನಿಂದ.

ಇನ್ನು ಮಗನ ಕೆಲಸ. ತಂಡ ಚೆಂಡನ್ನು ದೂರಕ್ಕೆ ಒದೆಯಬೇಕಾದಾಗ ಒಬ್ಬ ಬಗ್ಗಿ ನಿಂತು, ತನ್ನ ಕಾಲುಗಳ ಸಂದಿಯಿಂದ ಚೆಂಡನ್ನು ಹದಿನೈದು ಗಜ ಹಿಂದೆ ನಿಂತವನ ಕೈಗೆ ಬಾಣದಂತೆ ಎಸೆಯಬೇಕು. ಆಮೇಲೆ ಹಿಂದೆ ನಿಂತವನು ಒದೆಯುತ್ತಾನೆ, ಜನ ಅವನಿಗೆ ಚಪ್ಪಾಳೆ ತಟ್ಟುತ್ತಾರೆ. ಬಗ್ಗಿದವನು ಸರಿಯಾಗಿ ಎಸೆದರೆ ಅವನ ಹೆಸರು ಯಾರಿಗೂ ಗೊತ್ತಾಗುವುದಿಲ್ಲ. ತಪ್ಪಿ ಎಸೆದರೆ ಇಡೀ ಸ್ಟೇಡಿಯಮ್ಮಿಗೆ ಗೊತ್ತಾಗುತ್ತದೆ. ಎಸೆಯುವ ಕ್ಷಣದಲ್ಲೇ ಎದುರಿನವನು ಬಂದು ಅವನ ನೆತ್ತಿಯ ಮೇಲೆ ಬೀಳುತ್ತಾನೆ.

“ಮಗ ಕೆನಡಾದಲ್ಲಿ ತಲೆ ಎತ್ತಿ ನಿಲ್ಲಲಿ ಅಂತ ಬಂದದ್ದು,” ಎನ್ನುತ್ತಿದ್ದರು ಅಕ್ಕ. “ಇವ ನೋಡಿದ್ರೆ ತಲೆ ಕೆಳಗೆ ಹಾಕಿ ನಿಂತಿದ್ದಾನೆ.”

ಅದರಲ್ಲೂ ನಿಖಿಲ್ ಎರಡನೆಯವನು. ಮೊದಲನೆಯವನಿಗೆ ಏನಾದರೂ ಆದರೆ ಮಾತ್ರ ಇವನ ಸರದಿ. ಮೊದಲ ಮೂರು ವರ್ಷ ಪೂರ್ತಿ ಬೆಂಚು. ಅಭ್ಯಾಸ ಮಾತ್ರ ಭಾನುವಾರ ಭಾನುವಾರ ಮನೆಯ ಹಿತ್ತಿಲಲ್ಲಿ ತಪ್ಪದೆ ನಡೆಯುತ್ತಿತ್ತು. ಮಗ ಬಗ್ಗಿ ಎಸೆಯುವುದು, ಅಪ್ಪ ಗೋದಾಮಿನ ದಪ್ಪ ಕೈಗವಸು ಹಾಕಿಕೊಂಡು ಹಿಡಿಯುವುದು. ಅಕ್ಕನ ಬಸಳೆಯ ಚಪ್ಪರ ಎರಡು ಸಲ ಮುರಿಯಿತು. ಒಂದು ಸಲ ಅವರ ಹೆಬ್ಬೆರಳೂ ಮುರಿದು, ಕೂಡಿಕೊಳ್ಳುವಾಗ ಸ್ವಲ್ಪ ಸೊಟ್ಟಗಾಯಿತು. ಎಡಗೈಯದೋ ಬಲಗೈಯದೋ? ನನಗೆ ಬಲಗೈ ಎಂದು ನೆನಪು, ಯಾಕೆಂದರೆ ಪುಸ್ತಕದ ಸಾಲುಗಳ ಮೇಲೆ ಆ ಸೊಟ್ಟ ಬೆರಳೇ ಓಡಾಡುತ್ತಿತ್ತು. ಡೈರಿ ಇದರ ಬಗ್ಗೆ ಸುಮ್ಮನಿದೆ.

ಸಭೆಯಲ್ಲಿ ಅಶ್ವಿನಿ ಲ್ಯಾಪ್‌ಟಾಪಿನಲ್ಲಿ ಎದುರಾಳಿಗಳ ಹಿಂದಿನ ಮ್ಯಾಚಿನ ವಿಡಿಯೋ ಹಾಕುತ್ತಿದ್ದಳು. ಅವಳೂ ನಾನೂ ಚೆಂಡು ಯಾರ ಕೈಯಲ್ಲಿದೆ ಎಂದು ನೋಡಿದರೆ ಅವರು ಪರದೆಯ ಮೂಲೆ ನೋಡುತ್ತಿದ್ದರು. “ನಿಲ್ಲಿಸು, ನಿಲ್ಲಿಸು. ಅಗೊ, ಬೆಂಚಿನಲ್ಲಿ ಕೂತವನ ಮುಖ ನೋಡಿ. ಇವರಲ್ಲಿ ಒಗ್ಗಟ್ಟಿಲ್ಲ.” ಎಷ್ಟೋ ಸಲ ಅದು ನಿಜವೂ ಆಗಿರುತ್ತಿತ್ತು. ಬೆಂಚಿನ ಮುಖ ಓದುವುದರಲ್ಲಿ ಅವರಿಗೆ ಮೂರು ವರ್ಷದ ಅನುಭವವಿತ್ತಲ್ಲ.

ಅಣ್ಣನ ಪುಸ್ತಕದ ಫಲಿತಾಂಶವನ್ನು ಅಶ್ವಿನಿ ಗುಟ್ಟಾಗಿ ದಾಖಲಿಸುತ್ತಿದ್ದಳು. ಒಂದು ಶುಕ್ರವಾರ ಹೊರಗೆ ಹಾಕಿದಳು. “ಅಂಕಲ್, ನಿಮ್ಮ ಕೋಳಿ ಹೇಳಿದ್ದು ಖರೆ ಆಗಿದ್ದು, ಸುಳ್ಳಾಗಿದ್ದು ಎಲ್ಲಾ ಬರದ್ ಇಟ್ಟೀನ್ರಿ. ನಾಣ್ಯ ಹಾರಿಸಿದ್ರೂ ಇಷ್ಟ ಬರ್ತೈತಿ ನೋಡ್ರಿ.”

“ನಾಣ್ಯಕ್ಕೆ ಪುಕ್ಕ ಉಂಟಾ?” ಎಂದರು ಅವರು. “ಮತ್ತೆ, ಪುಸ್ತಕ ಒಂದು ಸಲವೂ ತಪ್ಪಲಿಲ್ಲ. ಅಂಪೈರ್ ತಪ್ಪಿದ.” ಪುಸ್ತಕ ಹೇಳಿದ್ದು ಆಗದೆ ಹೋದಾಗಲೆಲ್ಲ ಇದೇ ಮಾತು. ಪುಸ್ತಕ ತಪ್ಪಲಿಲ್ಲ, ಅಂಪೈರ್ ತಪ್ಪಿದ.

ಒಂದು ವಿಷಯದಲ್ಲಿ ಮಾತ್ರ ಅವರನ್ನು ಯಾರೂ ತಮಾಷೆ ಮಾಡುವಂತಿರಲಿಲ್ಲ. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಓದುತ್ತಿದ್ದರು. ತಂಡದವರ ಅಪ್ಪ ಅಮ್ಮಂದಿರಿಗೆಂದು ಇಟ್ಟಿದ್ದ ಊಟಕ್ಕೆ ಒಮ್ಮೆ ಹೋಗಿದ್ದೆವು. ಕೋಚು ಎಲ್ಲರ ಕೈ ಕುಲುಕುತ್ತ ಬಂದು, ನಾಳೆ ಹೇಗೆ ಅನ್ನಿಸುತ್ತದೆ ಎಂದು ಇವರನ್ನು ಸೌಜನ್ಯಕ್ಕೆ ಕೇಳಿದ. ಇವರು ಬರ್ಗರ್ ಕೆಳಗಿಟ್ಟು, “ಟುಮಾರೋ ವಿ ಆರ್ ಸ್ಲೀಪಿಂಗ್, ಸರ್” ಎಂದರು. ಕೋಚು ನಕ್ಕ. ಇವರು ನಗಲಿಲ್ಲ. ಮರುದಿನ ತಂಡ ಹೀನಾಯವಾಗಿ ಸೋತಿತು. ಆಮೇಲೆ ಆ ಕೋಚು ಇವರನ್ನು ಕಂಡಾಗಲೆಲ್ಲ ದಾರಿ ಬದಲಿಸುತ್ತಿದ್ದ.

ಕಾರಿನಲ್ಲಿ ಬರುವಾಗ ಅಕ್ಕ ಬೈದರು. “ಅಷ್ಟು ಜನರೆದುರು ಒಳ್ಳೆಯದು ಹೇಳಿದ್ರೆ ನಿಮ್ಮ ಗಂಟು ಹೋಗ್ತಿತ್ತಾ? ಹುಡುಗನನ್ನು ಆಡಿಸುವವ ಅವನೇ ಅಲ್ವಾ?”

“ಮುಖ ನೋಡಿ ಓದಬಾರದು,” ಎಂದರು ಅಣ್ಣ. ಆಮೇಲೆ ನನಗೆ ವಿವರಿಸಿದರು. ಅವರ ತಂದೆ ಒಂದೇ ಒಂದು ಸಲ ಮುಖ ನೋಡಿ ಓದಿದ್ದರಂತೆ. ಅಣ್ಣನ ಸೋದರಮಾವ ಬಹಳ ಆಸೆಯಿಂದ ಸಾಕಿದ ಹುಂಜ ತಂದಿದ್ದ. ಪುಸ್ತಕದಲ್ಲಿ ನಿದ್ರೆ ಎಂದಿತ್ತು. ಆ ಮಾವನ ಮುಖ ನೋಡಿ ತಂದೆ ಎಚ್ಚರ ಎಂದರು. “ಹುಂಜ ಸತ್ತಿತು. ಮಾವ ಮತ್ತೆ ನಮ್ಮ ಮನೆಗೆ ಬರ್ಲೇ ಇಲ್ಲ. ಸೋತದ್ದಕ್ಕಲ್ಲ ಮಾಸ್ಟ್ರೇ. ‘ನಿನಗೆ ಗೊತ್ತಿತ್ತು, ಹೇಳಲಿಲ್ಲ’ ಅಂತ.”

ಅವರು ಪುಸ್ತಕವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ಪುಟವನ್ನು ಮೂಗಿನ ಹತ್ತಿರ ಹಿಡಿದು ಓದುವುದು. ಓದಿ ಮುಗಿದ ಕೂಡಲೇ ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕುವುದು. ಶುಕ್ರವಾರ ಆ ಮನೆಯಲ್ಲಿ ಕೋಳಿ ಬೇಯುತ್ತಿರಲಿಲ್ಲ. “ಕೋಳಿಯ ಹತ್ರ ಸಲಹೆ ಕೇಳಿ ಕೋಳಿಯನ್ನೇ ತಿನ್ನುವುದಾ?” ಶನಿವಾರ ಸಂಜೆ ಗೆದ್ದರೂ ಸೋತರೂ ಕೋಳಿ ಸಾರಿನ ಕೋರಿ ರೊಟ್ಟಿ.

ನಿಖಿಲ್ ಈ ಸಭೆಗೆ ಬರುತ್ತಿರಲಿಲ್ಲ. ಗ್ಯಾರೇಜಿನ ಫ್ರಿಜ್ಜಿನಿಂದ ಹಾಲು ತೆಗೆಯಲು ಬಂದವನು “ಚಿಕನ್ ಕಮಿಟಿ ಇನ್ ಸೆಷನ್?” ಎಂದು ಹೇಳಿ ಹೋಗುತ್ತಿದ್ದ. ಮನೆಯಲ್ಲಿ ತುಳುವೂ ಕನ್ನಡವೂ ಅವನಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಅವನಿಗೆ ಆ ಪುಸ್ತಕವೆಂದರೆ ಬರೀ ತಮಾಷೆ ಎಂದು ನಾನು ಡೈರಿಯಲ್ಲಿ ಬರೆದಿದ್ದೇನೆ. ನಾನು ಹೀಗೆ ಖಚಿತವಾಗಿ ಬರೆದದ್ದನ್ನೆಲ್ಲ ಈಗ ಎರಡು ಸಲ ಓದುತ್ತೇನೆ.

ಅವನ ಕೊನೆಯ ವರ್ಷದ ಕೊನೆಯ ಮ್ಯಾಚು ನಮ್ಮದೇ ಮೈದಾನದಲ್ಲಿ. ನಾವು ಕೆಂಪು. ಎದುರಾಳಿ ಕಪ್ಪು ಜರ್ಸಿಯವರು; ಆ ವರ್ಷ ಒಂದು ಮ್ಯಾಚನ್ನೂ ಸೋತಿರಲಿಲ್ಲ. ಗುರುವಾರದ ಅಭ್ಯಾಸದಲ್ಲಿ ನಮ್ಮ ಮೊದಲನೆಯವನ ಮಣಿಕಟ್ಟು ಉಳುಕಿತು. ಶನಿವಾರ ಬಗ್ಗಿ ನಿಲ್ಲುವವನು ನಿಖಿಲ್ ಎಂದಾಯಿತು. ನಾಲ್ಕು ವರ್ಷದಲ್ಲಿ ಮೊದಲ ಸಲ, ಅದೂ ಕೊನೆಯ ಸಲ.

ಆ ಶುಕ್ರವಾರ ನಾನು ಗ್ಯಾರೇಜಿಗೆ ಹೋದಾಗ ಅವರು ಬಣ್ಣ ಕೇಳಲಿಲ್ಲ. ಬಣ್ಣ ಗೊತ್ತಿತ್ತು. ನಿಖಿಲ್ ಚಳಿಗಾಲದ ಟೈರುಗಳ ಅಟ್ಟಿಯ ಮೇಲೆ ಕೂತಿದ್ದ. ಹಾಲು ತೆಗೆಯಲು ಬಂದವನಂತೆ ಕಾಣಲಿಲ್ಲ.

ಅಶ್ವಿನಿ ವಿಡಿಯೋ ಹಾಕಿದಳು. ಕಪ್ಪು ಜರ್ಸಿಯ ಒಬ್ಬ ದೈತ್ಯ, ಎದುರಿನವನು ಚೆಂಡು ಎಸೆಯುವುದೇ ತಡ, ಅವನ ಬೆನ್ನ ಮೇಲಿಂದಲೇ ಹಾದುಹೋಗುತ್ತಿದ್ದ.

“ಇಂವ ಭಾಳ ಜೋರ್ ಅದಾನ್ರಿ ಅಂಕಲ್. ಬಗ್ಗಿದವನ ಮ್ಯಾಲೆ ಹಾಯ್ದ ಹೋಗ್ತಾನ.”

“ನಮ್ಮವನ ಎದುರು ನಿಲ್ಲುವವ ಇವನೇಯಾ?”

“ಹೌದ್ರಿ. ಇವನ.”

ಅಕ್ಕ ಬಟ್ಟಲು ಹಿಡಿದೇ ಪರದೆಗೆ ಬಗ್ಗಿದರು. “ದೇವರೇ. ಇವನ ಅಮ್ಮ ಇವನಿಗೆ ತಿನ್ಲಿಕ್ಕೆ ಎಂಥ ಹಾಕ್ತಾಳಂತೆ?”

ಅಣ್ಣ ಮತ್ತೆ ಮತ್ತೆ ಅದೇ ತುಣುಕು ಹಾಕಿಸಿದರು. ಆ ದಿನ ಬೆಂಚಿನ ಕಡೆ ನೋಡಲೇ ಇಲ್ಲ. ನಿಖಿಲ್ ತನ್ನ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಒರೆಸಿಕೊಂಡ.

“ಸೋ, ಪಪ್ಪಾ,” ಎಂದ. “ವಾಟ್ ಡಸ್ ದ ಚಿಕನ್ ಸೇ?”

ಅವನು ಅದನ್ನು ಕೇಳಿದ್ದು ಅದೇ ಮೊದಲು. ನನಗೆ ಆ ಮಾವನ ಹುಂಜದ ಕತೆ ನೆನಪಾಯಿತು. ಅಕ್ಕನಿಗೂ ನೆನಪಾಗಿರಬೇಕು, ಗಂಡನನ್ನು ನೋಡಿ ತುಳುವಿನಲ್ಲಿ ಒಂದೇ ಒಂದು ಪದ ಹೇಳಿದರು, ನನಗೆ ಅರ್ಥವಾಗಲಿಲ್ಲ. ಅಣ್ಣ ಚೀಲದ ಜಿಪ್ ಎಳೆದರು. ಕನ್ನಡಕ ಹಣೆಗೇರಿತು. ಸೊಟ್ಟ ಹೆಬ್ಬೆರಳು ಶನಿವಾರದ ಪುಟದಲ್ಲಿ ಕೆಳಗಿಳಿಯಿತು, ನಿಂತಿತು, ಮೇಲೇರಿತು, ಮತ್ತೆ ಇಳಿಯಿತು. ಇಷ್ಟು ಹೊತ್ತು ಅವರು ಎಂದೂ ತೆಗೆದುಕೊಂಡವರಲ್ಲ. ಗ್ಯಾರೇಜಿನ ಫ್ರಿಜ್ಜು ಒಮ್ಮೆ ಗುರುಗುಟ್ಟಿ ಸುಮ್ಮನಾಯಿತು.

ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

“ಮಾಸ್ಟ್ರೇ, ಗಂಟೆಯ ವಿಷಯ ನೀವು ಹೇಳ್ತಾ ಇದ್ರಿ ಅಲ್ವಾ. ನಾನು ಯೋಚನೆ ಮಾಡಿದೆ. ನೀವು ಹೇಳಿದ್ದು ಸರಿ. ಆಟ ಇಲ್ಲಿ, ಬಿಸಿಲು ಇಲ್ಲಿ. ಇಲ್ಲಿಯ ಗಂಟೆಯೇ ಆಗ್ಬೇಕು.”

ನಾನು ಹಿಗ್ಗಿದೆ. ಹೌದು, ಅಂಥ ಹೊತ್ತಿನಲ್ಲೂ ಹಿಗ್ಗಿದೆ. ಸುಳ್ಳು ಹೇಳಿ ಪ್ರಯೋಜನವಿಲ್ಲ, ಡೈರಿಯಲ್ಲಿದೆ.

“ಇಲ್ಲಿಯ ಮಧ್ಯಾಹ್ನ ಒಂದು ಗಂಟೆ,” ಎಂದು ಅವರು ಬೆರಳನ್ನು ಇನ್ನೊಂದು ಸಾಲಿಗೆ ತಂದರು. “ಕೆಮ್ಮೈರೆಗೆ ಎಚ್ಚರ. ಕಕ್ಕೆಗೆ ನಿದ್ರೆ.”

“ಯು ಶೂರ್?”

“ಪುಸ್ತಕದಲ್ಲಿ ಉಂಟು.”

ನಿಖಿಲ್ ಎದ್ದು ಬಂದು ಅಪ್ಪನ ಹೆಗಲ ಮೇಲಿನಿಂದ ಪುಟವನ್ನು ಒಂದು ಕ್ಷಣ ನೋಡಿದ. ಅವರು ಪುಸ್ತಕ ಮುಚ್ಚಲಿಲ್ಲ. ಮುಚ್ಚಿದರೆ ಚೆನ್ನಾಗಿರುವುದಿಲ್ಲ ಎಂದು ಮುಚ್ಚಲಿಲ್ಲವೋ ಏನೋ. “ಓಕೆ,” ಎಂದ ನಿಖಿಲ್. “ದೇ ಆರ್ ಸ್ಲೀಪಿಂಗ್.” ಬಟ್ಟಲಿನಿಂದ ಎರಡು ಗೋಳಿಬಜೆ ತೆಗೆದುಕೊಂಡು ಒಳಗೆ ಹೋದ.

ಆ ರಾತ್ರಿಯ ನನ್ನ ಡೈರಿಯಲ್ಲಿ ಇರುವುದು ಒಂದೇ ಸಾಲು: ‘ಮೂರು ವರ್ಷದ ಮೇಲೆ ನನ್ನ ವಾದ ಒಪ್ಪಿದರು.’

ಮ್ಯಾಚಿನ ದಿನ ಗಾಳಿ ಬಹಳವಿತ್ತು. ನಾವು ನಾಲ್ವರೂ ಒಂದೇ ಕಂಬಳಿಯನ್ನು ಮಂಡಿಯ ಮೇಲೆ ಎಳೆದುಕೊಂಡು ಕೂತಿದ್ದೆವು. ಉಳಿದ ಆಟದ ಬಗ್ಗೆ ನಾನು ಏನು ಬರೆದರೂ ಅದು ಲುಂಗಿಯೇ. ನೆನಪಿರುವುದು ಇಷ್ಟು. ನಿಖಿಲ್ ಒಳಗೆ ಬಂದಾಗಲೆಲ್ಲ ಅವರು ಎದ್ದು ನಿಲ್ಲುತ್ತಿದ್ದರು, ಎರಡೂ ಕೈಯನ್ನು ಎದೆಯ ಮುಂದೆ ಅಗಲಿಸಿ ಹಿಡಿಯುತ್ತಿದ್ದರು. ಹಿತ್ತಿಲಲ್ಲಿ ಚೆಂಡು ಹಿಡಿಯಲು ನಿಲ್ಲುವ ಹಾಗೆ. ಅಲ್ಲಿ ಅವನು ಎಸೆಯುತ್ತಿದ್ದ, ದೈತ್ಯ ಅವನ ಮೇಲೆ ಬೀಳುತ್ತಿದ್ದ, ಹಿಂದಿನವನು ಹಿಡಿದು ಒದೆಯುತ್ತಿದ್ದ, ಇಲ್ಲಿ ಇವರ ಕೈ ಗಪ್ಪೆಂದು ಮುಚ್ಚುತ್ತಿತ್ತು. ಹಿಂದಿನ ಸಾಲಿನವರು ಕೂತುಕೊಳ್ಳಿ ಎಂದು ಗದರಿದರು. ಏಳು ಸಲವೋ ಎಂಟು ಸಲವೋ. ಅಶ್ವಿನಿ ಎಂಟು ಎನ್ನುತ್ತಾಳೆ. ಒಂದೂ ತಪ್ಪಲಿಲ್ಲ. ಲೌಡ್‌ಸ್ಪೀಕರಿನಲ್ಲಿ ಅವನ ಹೆಸರು ಒಂದು ಸಲವೂ ಬರಲಿಲ್ಲ.

ತಂಡ ಸೋತಿತು.

ಪಾರ್ಕಿಂಗ್ ಲಾಟಿನಲ್ಲಿ ನಾನು ಅವರನ್ನು ನೋಡಿದೆ. ಸೋತಾಗ ಬರುವ ಮಾತಿಗಾಗಿ ಕಾದೆ.

“ಪುಸ್ತಕ ತಪ್ಪಲಿಲ್ಲ,” ಎಂದರು.

ನಾನು ಕಾದೆ. ಅಂಪೈರ್ ಬರಲೇ ಇಲ್ಲ. ಗಾಳಿಗೆ ಉಸಿರು ಸಿಕ್ಕಿಲ್ಲವೇನೋ ಎಂದುಕೊಂಡೆ. ಅಷ್ಟರಲ್ಲಿ ನಿಖಿಲ್ ಹಣೆಯಲ್ಲಿ ಹುಲ್ಲಿನ ಕಲೆ ಹೊತ್ತು ಬಂದ. ಅವರು ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಲ್ಲಂಗಡಿ ಹಣ್ಣಿಗೆ ಪೆಟ್ಟಾಗಿದೆಯೇ ಎಂದು ನೋಡುವವರಂತೆ ಅತ್ತಿತ್ತ ತಿರುಗಿಸಿ ನೋಡಿದರು. “ಸರಿ ಉಂಟು,” ಎಂದರು. ಗೋದಾಮಿನಲ್ಲಿ ಲಾರಿಯ ಬಾಗಿಲು ಹಾಕುವ ಮುಂಚೆ ಹೇಳುವ ಮಾತು. ನಾವೆಲ್ಲ ಕೋರಿ ರೊಟ್ಟಿ ತಿನ್ನಲು ಹೋದೆವು.

ಇಷ್ಟಕ್ಕೇ ಇದು ಮುಗಿಯಬೇಕಿತ್ತು. ಆದರೆ ಈ ಬೇಸಿಗೆಯಲ್ಲಿ ಅಕ್ಕ ನನ್ನನ್ನು ಕರೆದು ಜಿಪ್ ಚೀಲವನ್ನು ಕೈಗಿಟ್ಟರು. “ನಿಮಗೆ ಕೊಡ್ಬೇಕು ಅಂತ ಹೇಳಿದ್ರು. ನಿಮ್ಮ ಗಂಟೆಯ ಜಗಳ ಮುಗಿಸಿಕೊಳ್ಳಿ ಅಂತ.”

ಮನೆಗೆ ತಂದು ಮೂರು ತಿಂಗಳು ತೆರೆಯಲಿಲ್ಲ. ತೆರೆದ ದಿನ ಭೂತಗನ್ನಡಿ ಹಿಡಿದು ಕೂತೆ. ಅಚ್ಚು ಮಸುಕು, ಓದುವ ಕ್ರಮ ಅಷ್ಟೇನೂ ಕಷ್ಟವಿಲ್ಲ. ಮೇಲೆ ಜಾವ, ಪಕ್ಕದಲ್ಲಿ ಬಣ್ಣ. ಶನಿವಾರದ ಪುಟ ತೆಗೆದೆ. ರಾತ್ರಿಯ ಆ ಜಾವದಲ್ಲಿ ಕಕ್ಕೆಗೆ ಎಚ್ಚರ, ಕೆಮ್ಮೈರೆಗೆ ನಿದ್ರೆ. ಇದು ನಾನು ಊಹಿಸಿದ್ದೇ. ಅದಕ್ಕೇ ತಾನೇ ಅವರು ನನ್ನ ಗಂಟೆಗೆ ಬಂದದ್ದು. ಮಧ್ಯಾಹ್ನದ ಸಾಲಿಗೆ ಇಳಿದೆ. ಕಕ್ಕೆಗೆ ಎಚ್ಚರ. ಕೆಮ್ಮೈರೆಗೆ ನಿದ್ರೆ.

ಮೂರು ಸಲ ನೋಡಿದೆ. ಕನ್ನಡಕ ಒರೆಸಿ ನೋಡಿದೆ. ಉಡುಪಿಯ ಗಂಟೆಗೂ ಟೊರಾಂಟೊ ಗಂಟೆಗೂ ಫಲ ಒಂದೇ. ನನ್ನ ವಾದವನ್ನು ಅವರು ಒಪ್ಪಿರಲೇ ಇಲ್ಲ. ಒಂದು ಸುಳ್ಳಿಗೆ ಹೊದಿಸಲು ಬಟ್ಟೆ ಬೇಕಿತ್ತು, ನನ್ನದು ಹತ್ತಿರ ಇತ್ತು.

ಭಾನುವಾರ ನಿಖಿಲ್‌ಗೆ ಫೋನು ಮಾಡಿದೆ. ಅವನು ಈಗ ಒಂದು ಶಾಲೆಯಲ್ಲಿ ಮೇಷ್ಟ್ರು, ಅಲ್ಲಿನ ಹುಡುಗರ ಫುಟ್‌ಬಾಲ್ ತಂಡಕ್ಕೆ ಕೋಚು. ಸುತ್ತಿ ಬಳಸಿ ವಿಷಯಕ್ಕೆ ಬಂದೆ. ಆ ಶುಕ್ರವಾರ ಅಪ್ಪ ಓದಿದ್ದು ಪುಸ್ತಕದಲ್ಲಿ ಇರಲಿಲ್ಲ, ನಿನಗೆ ಈಗಲಾದರೂ ತಿಳಿದಿರಲಿ ಎಂದೆ.

“ಐ ನೋ, ಅಂಕಲ್.”

“ಈಗ ಗೊತ್ತಾಯಿತೇ?”

“ಆಗಲೇ. ಐ ಸಾ ದ ಪೇಜ್.”

“ನಿನಗೆ ಅದು ಓದಲು ಬರುತ್ತದೆಯೇ?”

ಅವನು ನಕ್ಕ. ಅಪ್ಪ ತನಗೆ ಕನ್ನಡ ಅಕ್ಷರ ಕಲಿಸಿದ್ದೇ ಆ ಪುಸ್ತಕದಿಂದ ಎಂದ. ಎಂಟನೆಯ ವಯಸ್ಸಿನಲ್ಲಿ, ಅದೇ ಗ್ಯಾರೇಜಿನಲ್ಲಿ. ಮನೆಯಲ್ಲಿ ಬೇರೆ ಕನ್ನಡ ಪುಸ್ತಕ ಇರಲಿಲ್ಲವಂತೆ. ಅವನು ಮೊದಲು ಓದಿದ ಪೂರ್ತಿ ವಾಕ್ಯ, ಬೊಳ್ಳೆಗೆ ನಿದ್ರೆ.

“ಮತ್ತೆ ಯಾಕೆ ಸುಮ್ಮನಿದ್ದೆ?”

ಅವನು ಇಂಗ್ಲಿಷಿನಲ್ಲಿ ಹೇಳಿದ್ದರ ಕನ್ನಡ ಇದು: ಪಪ್ಪ ಯಾರಿಗೂ ಮುಖ ನೋಡಿ ಓದಿದವರಲ್ಲ, ಕೋಚಿಗೂ ಓದಲಿಲ್ಲ. ನನಗೆ ಓದಿದರು ಎಂದರೆ ಎಷ್ಟು ಹೆದರಿರಬೇಕು. ಗ್ಯಾರೇಜಿನಲ್ಲಿ ಯಾರಾದರೂ ಒಬ್ಬರು ಧೈರ್ಯವಾಗಿರುವ ಹಾಗೆ ಕಾಣಬೇಕಿತ್ತಲ್ಲ, ಅಂಕಲ್.

ಡೈರಿಯ ಆ ಸಾಲನ್ನು ಹೊಡೆದುಹಾಕಲೇ ಎಂದು ಪೆನ್ನು ಎತ್ತಿಕೊಂಡಿದ್ದೆ. ಹಾಗೇ ಇಟ್ಟೆ. ಗ್ಯಾರೇಜಿನಲ್ಲಿ ಆ ಸಂಜೆ ಪುಸ್ತಕವನ್ನು ನಿಜವಾಗಿ ನಂಬಿದವನು ನಾನೊಬ್ಬನೇ ಎಂಬುದಕ್ಕೆ ಅದೊಂದು ಸಾಕ್ಷಿ.

ಫೋನಿಡುವ ಮೊದಲು ನಿಖಿಲ್ ಕೇಳಿದ. “ಅಂಕಲ್, ಈ ಸ್ಯಾಟರ್ಡೇ ನಮಗೆ ಮ್ಯಾಚ್ ಉಂಟು. ಒಂದು ಗಂಟೆಗೆ. ವಿ ಆರ್ ವೈಟ್. ಅವರು ಬ್ಲ್ಯಾಕ್. ನನ್ನ ಹುಡುಗರು ತುಂಬ ಹೆದರಿದ್ದಾರೆ. ಬುಕ್ ಏನು ಹೇಳ್ತದೆ?”

ನಾನು ಕನ್ನಡಕವನ್ನು ಹಣೆಗೇರಿಸಿ ಪುಟವನ್ನು ಮೂಗಿನ ಹತ್ತಿರ ಹಿಡಿದೆ. ಹೆಬ್ಬೆರಳನ್ನು ಸಾಲಿನ ಮೇಲೆ ಇಟ್ಟೆ. ನೋಡಿದೆ. ಮತ್ತೆ ನೋಡಿದೆ.

“ಯಾವ ಊರಿನ ಗಂಟೆಗೆ ಓದಲಿ?” ಎಂದೆ.

“ನಾವು ಎಚ್ಚರ ಇರುವ ಊರಿನದ್ದು,” ಎಂದ ನಿಖಿಲ್, ಒಂದೂ ಇಂಗ್ಲಿಷ್ ಪದ ಬೆರೆಸದೆ.